ಇಟಲಿಯ ಸ್ಥಾವರಸ್ವತ್ತಿನ ಪರಿಭಾಷೆಯೂ ಅದರ ಇಂಗ್ಲಿಷ್ ಭಾಷಾಂತರವೂ

ಕಾವ್ಯವನ್ನು ಭಾಷಾಂತರಿಸುವವನು ಒಂದು ಶಬ್ದದಲ್ಲಿ ಎಡವಿದರೆ ವಾಚಕನ ರಸಾಸ್ವಾದಕ್ಕೆ ಕುಂದುಂಟಾಗುವುದು. ಕ್ರಯಪತ್ರವನ್ನು ಭಾಷಾಂತರಿಸುವವನು ಎಡವಿದರೆ ಕೊಂಡವನ ಮನೆಯೇ ಕೈತಪ್ಪಬಹುದು. ಇಟಾಲಿಯನ್ ಭಾಷೆಯಲ್ಲಿರುವ ಸ್ಥಾವರಸ್ವತ್ತಿನ ಪಾರಿಭಾಷಿಕ ಶಬ್ದಗಳನ್ನು ಇಂಗ್ಲಿಷಿಗೆ ತರುವ ಕಾರ್ಯವು ಈ ಮಾತಿಗೆ ತಕ್ಕ ನಿದರ್ಶನವಾಗಿದೆ. ಎರಡು ಭಾಷೆಗಳಲ್ಲಿಯೂ ಲ್ಯಾಟಿನ್ ಮೂಲದ ಶಬ್ದಗಳು ಹೇರಳವಾಗಿರುವುದರಿಂದ ಈ ಕಾರ್ಯವು ಸುಲಭವೆಂದು ಮೊದಲ ನೋಟಕ್ಕೆ ತೋರುವುದು. ಆದರೆ ಶಬ್ದಗಳ ಕುಲವು ಒಂದೇ ಆದರೂ ಅವು ಬೆಳೆದು ಬಂದ ಚರಿತ್ರೆ ಬೇರೆ. ಈ ಭೇದವನ್ನು ಅರಿಯದೆ ನಿಘಂಟುವೊಂದನ್ನೇ ನಂಬಿದವನಿಗೆ ಸರಿಯಾದ ಪರ್ಯಾಯಶಬ್ದವು ದೊರೆಯಲಾರದೆಂಬುದನ್ನು ಇಲ್ಲಿ ಕೆಲವು ಉದಾಹರಣೆಗಳಿಂದ ವಿಚಾರಿಸಲಾಗುವುದು.

ಇಂಗ್ಲೆಂಡಿನ ಭೂನ್ಯಾಯವು 1066ರಲ್ಲಿ ನಾರ್ಮನ್ನರು ಆ ದೇಶವನ್ನು ಗೆದ್ದ ಬಳಿಕ ರೂಪುಗೊಂಡುದು. ಭೂಮಿಯೆಲ್ಲವೂ ಅರಸನದು, ಪ್ರಜೆಯು ಅದರಲ್ಲಿ ಇಷ್ಟು ಕಾಲದ ಮಟ್ಟಿಗೆಂದು ಒಂದು ಹಕ್ಕನ್ನು ಮಾತ್ರ ಹಿಡಿದಿರುವನೆಂಬುದು ಅದರ ಮೂಲಭಾವನೆ. ಆ ಹಕ್ಕಿಗೆ 'ಎಸ್ಟೇಟ್' ಎಂದು ಹೆಸರು. 1925ನೆಯ ಇಸವಿಯ ಸ್ವತ್ತಿನ ಶಾಸನವು ಇಂಥ ಹಕ್ಕುಗಳಲ್ಲಿ 'ಫೀ ಸಿಂಪಲ್' ಮತ್ತು ಅವಧಿಯ ಗೇಣಿ ಎಂಬ ಎರಡನ್ನು ಮಾತ್ರ ಕಾನೂನಿನ ಎಸ್ಟೇಟುಗಳಾಗಿ ಉಳಿಸಿತು. ಇಟಲಿಯ ನ್ಯಾಯವಾದರೋ ರೋಮನ್ ನ್ಯಾಯದ ಸಂತತಿ. ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿಯು ಮಾಡಿಸಿದ ಸಂಗ್ರಹ, ಬೊಲೋನ್ಯದ ಪಂಡಿತರು ಅದಕ್ಕೆ ಬರೆದ ಟಿಪ್ಪಣಿಗಳು, ನೆಪೋಲಿಯನ್ನನ 1804ನೆಯ ಇಸವಿಯ ಸಂಹಿತೆ, ಇವುಗಳ ಆಧಾರದ ಮೇಲೆ ಇಟಲಿಯ 1865ನೆಯ ಇಸವಿಯ ಸಂಹಿತೆಯೂ, ಅದರ ಸ್ಥಾನದಲ್ಲಿ 1942ನೆಯ ಇಸವಿಯ ಸಂಹಿತೆಯೂ ಬಂದುವು. ಇದರಲ್ಲಿ 'ಪ್ರೊಪ್ರಿಯೆತಾ' ಎಂಬುದು ವಸ್ತುವಿನ ಮೇಲೆ ಒಡೆಯನಿಗಿರುವ ಪೂರ್ಣ ಸ್ವಾಮ್ಯ. ಉಳಿದ ಹಕ್ಕುಗಳು ಆ ಸ್ವಾಮ್ಯದ ಮೇಲೆ ಬಿದ್ದಿರುವ ಹೊರೆಗಳೇ ಹೊರತು ಅದರ ಕಾಲಖಂಡಗಳಲ್ಲ. ಆದುದರಿಂದ 'ಪ್ರೊಪ್ರಿಯೆತಾ' ಶಬ್ದವನ್ನು 'ಫೀ ಸಿಂಪಲ್' ಎಂದು ತಿರುಗಿಸಿದರೆ ಇಟಲಿಯ ಒಡೆಯನನ್ನು ಇಂಗ್ಲೆಂಡಿನ ಅರಸನ ಕೆಳಗೆ ನಿಲ್ಲಿಸಿದಂತಾಗುವುದು.

'ಇಪೊತೇಕಾ' ಎಂಬ ಶಬ್ದವನ್ನು ನೋಡೋಣ. ಸಾಮಾನ್ಯ ನಿಘಂಟುಗಳು ಇದಕ್ಕೆ 'ಮಾರ್ಟ್‌ಗೇಜ್' ಎಂದು ಅರ್ಥ ಹೇಳುವುವು. ಆದರೆ ಇಂಗ್ಲೆಂಡಿನ ಹಳೆಯ ಮಾರ್ಟ್‌ಗೇಜಿನಲ್ಲಿ ಸಾಲಪಡೆದವನು ಭೂಮಿಯ ಹಕ್ಕನ್ನೇ ಸಾಲಕೊಟ್ಟವನಿಗೆ ವರ್ಗಮಾಡಿ, ಹಣವನ್ನು ತೀರಿಸಿದ ಮೇಲೆ ಮರಳಿ ಪಡೆಯುತ್ತಿದ್ದನು. 1925ರ ಶಾಸನವು ಫೀ ಸಿಂಪಲನ್ನು ಹೀಗೆ ವರ್ಗಮಾಡುವ ಪದ್ಧತಿಯನ್ನು ನಿಲ್ಲಿಸಿತು. ಇಟಲಿಯ ಇಪೊತೇಕಾದಲ್ಲಿ ಸ್ವಾಮ್ಯವೂ ಅನುಭವವೂ ಸಾಲಪಡೆದವನಲ್ಲಿಯೇ ಉಳಿಯುವುವು. ಸಾರ್ವಜನಿಕ ದಾಖಲೆಯಲ್ಲಿ ನಮೂದಾದಾಗಲೇ ಆ ಹಕ್ಕು ಹುಟ್ಟುವುದು. ಅಷ್ಟೇ ಅಲ್ಲ, ಸಾಲವು ತೀರದಿದ್ದರೆ ಸ್ವತ್ತು ತಾನಾಗಿಯೇ ಸಾಲಕೊಟ್ಟವನಿಗೆ ಸೇರತಕ್ಕದ್ದೆಂಬ ಕರಾರನ್ನು ಇಟಲಿಯ ಸಂಹಿತೆಯ 2744ನೆಯ ವಿಧಿಯು ಅಸಿಂಧುವೆಂದು ಸಾರಿದೆ. ಇಟಲಿಯ ನ್ಯಾಯವು ಯಾವುದಕ್ಕೆ ಅಂಜಿ ಬೇಲಿ ಕಟ್ಟಿತೋ ಅದರ ನೆರಳೇ ಭಾಷಾಂತರದ ಶಬ್ದದಲ್ಲಿ ಅಡಗಿದೆ.

'ನೂದಾ ಪ್ರೊಪ್ರಿಯೆತಾ' ಎಂಬುದು ಇನ್ನೊಂದು. ಅನುಭವದ ಹಕ್ಕನ್ನು ಮತ್ತೊಬ್ಬನು ಪಡೆದಿರುವಾಗ ಒಡೆಯನಲ್ಲಿ ಉಳಿಯುವ ಬರಿಯ ಸ್ವಾಮ್ಯವೇ ಇದು. ವೃದ್ಧರು ತಮ್ಮ ಮನೆಯಲ್ಲಿ ಜೀವವಿರುವ ತನಕ ವಾಸಿಸುವ ಹಕ್ಕನ್ನು ಇಟ್ಟುಕೊಂಡು ಇದನ್ನು ಮಾರುವುದು ಆ ದೇಶದಲ್ಲಿ ಸಾಮಾನ್ಯ. ಇಂಗ್ಲಿಷಿನ 'ರಿವರ್ಷನ್' ಎಂಬ ಶಬ್ದವು ಮುಂದೆ ಮರಳಿ ಬರುವ ಸ್ವತ್ತನ್ನು ಹೇಳುವುದು. ಇಲ್ಲಿ ಕೊಂಡವನಾದರೋ ಇಂದೇ ಒಡೆಯನು, ಭೋಗ ಮಾತ್ರ ಅವನದಲ್ಲ.

ಹಾಗಾದರೆ ಇಂಗ್ಲಿಷಿನಲ್ಲಿ ತಕ್ಕ ಶಬ್ದಗಳೇ ಇಲ್ಲವೆ? ಇವೆ, ಆದರೆ ಅವನ್ನು ಲಂಡನ್ನಿನ ನ್ಯಾಯಸ್ಥಾನಗಳಲ್ಲಿ ಹುಡುಕಬಾರದು. ಮಾಲ್ಟಾ ದ್ವೀಪವು 1800ರಲ್ಲಿ ಬ್ರಿಟಿಷರ ರಕ್ಷಣೆಗೆ ಬಂದು, 1814ರ ಪ್ಯಾರಿಸ್ ಒಪ್ಪಂದದಿಂದ ಅವರದಾಯಿತು. ಆದರೂ ಅಲ್ಲಿಯ ನ್ಯಾಯಸ್ಥಾನಗಳ ಭಾಷೆ 1934ರ ವರೆಗೂ ಇಟಾಲಿಯನ್ನೇ ಆಗಿದ್ದಿತು. ಸರ್ ಏಡ್ರಿಯನ್ ಡಿಂಗ್ಲಿಯವರು ಸಿದ್ಧಗೊಳಿಸಿದ ಸ್ವತ್ತಿನ ಸಂಹಿತೆಯು 1868ನೆಯ ಇಸವಿಯ 7ನೆಯ ಆರ್ಡಿನೆನ್ಸಾಗಿ ರೂಪುಗೊಂಡಿತು. ಈ ನ್ಯಾಯವನ್ನು ಇಂಗ್ಲಿಷಿಗೆ ತಂದವರು ಭೂಮಿಯನ್ನು ಉತ್ತಮಪಡಿಸಿ ವರ್ಷಾಶನವನ್ನು ಸಲ್ಲಿಸುವ ದೀರ್ಘಾವಧಿಯ ಹಕ್ಕನ್ನು 'ಲೀಸ್' ಎನ್ನದೆ 'ಎಂಫಿಟ್ಯೂಸಿಸ್' ಎಂದರು. 'ಮಾರ್ಟ್‌ಗೇಜ್' ಎನ್ನದೆ 'ಹೈಪೊಥೆಕ್' ಎಂದರು. ಲೂಯಿಸಿಯಾನದ 1825ರ ಸಂಹಿತೆಯೂ ಕೆಳ ಕೆನಡದ 1866ರ ಸಂಹಿತೆಯೂ ಫ್ರೆಂಚ್ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಪ್ರಕಟವಾದುವು. ಹೀಗೆ ರೋಮನ್ ನ್ಯಾಯವನ್ನು ನುಡಿಯಬಲ್ಲ ಒಂದು ಇಂಗ್ಲಿಷು ನೂರಾರು ವರ್ಷಗಳಿಂದ ಸಿದ್ಧವಾಗಿದೆ. ಭಾಷಾಂತರಕಾರನು ಹೊಸ ಶಬ್ದಗಳನ್ನು ಟಂಕಿಸುವುದಕ್ಕೆ ಮೊದಲು ಈ ಭಂಡಾರವನ್ನು ತೆರೆದು ನೋಡುವುದು ಲೇಸು.

ಎಲ್ಲಕ್ಕಿಂತ ಹೆಚ್ಚು ಹಾನಿಯನ್ನುಂಟುಮಾಡಬಲ್ಲ ಶಬ್ದ 'ಕಪಾರ್ರಾ'. ಇಟಲಿಯಲ್ಲಿ ಕ್ರಯದ ಕರಾರಿನ ಕಾಲದಲ್ಲಿ ಕೊಡುವ ಹಣವು 'ಅಕ್ಕೊಂತೊ' ಆಗಿದ್ದರೆ ಅದು ಬೆಲೆಯ ಒಂದು ಭಾಗ ಮಾತ್ರ. 'ಕಪಾರ್ರಾ ಕೊನ್ಫಿರ್ಮತೋರಿಯಾ' ಆಗಿದ್ದರೆ 1385ನೆಯ ವಿಧಿಯಂತೆ, ಕೊಟ್ಟವನು ತಪ್ಪಿದಾಗ ಎದುರಾಳಿಯು ಕರಾರಿನಿಂದ ಬಿಡಿಸಿಕೊಂಡು ಹಣವನ್ನು ಇಟ್ಟುಕೊಳ್ಳಬಹುದು; ಪಡೆದವನು ತಪ್ಪಿದರೆ ಅದರ ಇಮ್ಮಡಿಯನ್ನು ಕೇಳಬಹುದು. ಇವೆರಡನ್ನೂ 'ಡಿಪಾಸಿಟ್' ಎಂದು ಬರೆದರೆ ಭೇದವು ಅಳಿದುಹೋಗುವುದು. ಇಂಗ್ಲೆಂಡಿನ ನ್ಯಾಯದಲ್ಲಿ ಮಾರುವವನು ತಪ್ಪಿದಾಗ ಡಿಪಾಸಿಟ್ಟು ಮರಳಿ ಬರುವುದು, ನಷ್ಟಪರಿಹಾರವನ್ನೂ ಬೇಡಬಹುದು. ಇಮ್ಮಡಿಯ ನಿಯಮ ಮಾತ್ರ ಅಲ್ಲಿಲ್ಲ. ಇಂಗ್ಲಿಷ್ ಪಾಠವನ್ನೇ ಓದಿ ರುಜುಹಾಕಿದವನಿಗೆ ತನ್ನ ಹಕ್ಕಿನ ಅರಿವೇ ಆಗದು.

ಕನ್ನಡಿಗರಿಗೆ ಈ ಭಾವನೆ ಹೊಸದಲ್ಲ. ಯಾಜ್ಞವಲ್ಕ್ಯಸ್ಮೃತಿಯಲ್ಲಿ ಸತ್ಯಂಕಾರವಾಗಿ ಕೊಟ್ಟ ದ್ರವ್ಯವನ್ನು ಇಮ್ಮಡಿಯಾಗಿ ಹಿಂದಿರುಗಿಸಬೇಕೆಂಬ ವಿಧಿಯಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ ಇದನ್ನು ವಿಂಗಡಿಸಿ, ಕೊಟ್ಟವನೇ ವ್ಯವಸ್ಥೆಯನ್ನು ಮೀರಿದರೆ ಕೊಟ್ಟುದನ್ನು ಕಳೆದುಕೊಳ್ಳುವನೆಂದೂ, ಪಡೆದವನು ಮೀರಿದರೆ ಇಮ್ಮಡಿಯನ್ನು ಕೊಡತಕ್ಕದ್ದೆಂದೂ ವಿವರಿಸಿದ್ದಾನೆ. ಆ ಸತ್ಯಂಕಾರವೇ ನಮ್ಮ ಸಂಚಕಾರ. ಇಟಲಿಗೂ ಕಲ್ಯಾಣಕ್ಕೂ ಕೊಡುಕೊಳುಗೆಯಿತ್ತೆಂದು ಇದರಿಂದ ಊಹಿಸಬೇಕಾದುದಿಲ್ಲ. ಆದರೆ 'ಕಪಾರ್ರಾ' ಎಂಬುದಕ್ಕೆ ಇಂಗ್ಲಿಷಿನ 'ಡಿಪಾಸಿಟ್' ಶಬ್ದಕ್ಕಿಂತ 'ಸಂಚಕಾರ'ವು ಸಮೀಪವಾದುದೆಂಬುದು ನಿಶ್ಚಯ. ಇಂದು ಬಳಕೆಯಲ್ಲಿರುವ 'ಮುಂಗಡ'ವೆಂಬ ಮಾತಾದರೋ 'ಅಕ್ಕೊಂತೊ'ವಿಗೇ ಹೆಚ್ಚು ಹೊಂದುವುದು.

ಇದರಿಂದ ತಿಳಿದುಬರುವ ನಿಯಮವಿಷ್ಟು: ಶಬ್ದವು ಹೇಗೆ ಧ್ವನಿಸುವುದೆಂಬುದನ್ನಲ್ಲ, ನ್ಯಾಯಸ್ಥಾನದಲ್ಲಿ ಅದು ಏನನ್ನು ಮಾಡುವುದೆಂಬುದನ್ನು ನೋಡಿ ಪರ್ಯಾಯವನ್ನು ಆರಿಸಬೇಕು, ಸಮಾನಕಾರ್ಯದ ಶಬ್ದವು ದೊರೆಯದಿದ್ದರೆ ಮೂಲಶಬ್ದವನ್ನೇ ಉಳಿಸಿ ಅದರ ಫಲವನ್ನು ವಾಕ್ಯದಲ್ಲಿ ಹೇಳಬೇಕು. ಇಂಗ್ಲಿಷಿನ ಮೂಲಕವೇ ಅನ್ಯದೇಶಗಳ ನ್ಯಾಯವನ್ನು ಓದಿ ಕನ್ನಡದಲ್ಲಿ ಪರಿಭಾಷೆಯನ್ನು ರಚಿಸುವವರು ಈ ನಿಯಮವನ್ನು ವಿಶೇಷವಾಗಿ ಗಮನಿಸತಕ್ಕದ್ದು. ನಡುವಣ ಭಾಷೆಯು ಬಿಟ್ಟುಕೊಟ್ಟ ಅರ್ಥವು ನಮ್ಮ ಹಳೆಯ ಶಬ್ದಗಳಲ್ಲಿಯೇ ಉಳಿದಿರಬಹುದು.