ಕ್ಯಾಮೆರಾ ಬದಲಿಸುವ ಮುನ್ನ

ಬನಹಟ್ಟಿಯ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವಾರ ಜಮಖಂಡಿಯ ನಮ್ಮ ಮನೆಗೆ ಬಂದಿದ್ದ. ನನ್ನ ಕ್ಯಾಮೆರಾ ನೋಡಿ, “ಸರ್, ಇದನ್ನ ಇನ್ನೆಷ್ಟ ವರ್ಷ ಹಿಡಕೊಂಡ ಅಡ್ಡಾಡ್ತೀರಿ? ಹೊಸಾದ ತಗೋರಿ” ಎಂದ. ಹೊಸದರ ಗುಣಗಳನ್ನೂ ಒಂದೊಂದಾಗಿ ವಿವರಿಸಿದ. ಇತಿಹಾಸ ಕಲಿಸಿದವನ ಮನಸ್ಸು ಇಂಥ ಪ್ರಶ್ನೆಗೆ ಹಿಂದಕ್ಕೇ ಓಡುತ್ತದೆ.

1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಛಾಯಾಚಿತ್ರಗಳನ್ನು ತೆಗೆದನು. 1851ರಲ್ಲಿ ಫ್ರೆಡೆರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ವಿಧಾನ ಆಗಿನ ಹೊಸತು. ಅದರಲ್ಲಿ ಗಾಜಿನ ಮೇಲೆ ಚಿತ್ರ ಸ್ಪಷ್ಟವಾಗಿ, ಬೇಗನೆ ಮೂಡುತ್ತಿತ್ತು. ಆದರೆ ಗಾಜಿಗೆ ಸವರಿದ ದ್ರಾವಣ ಆರುವುದರೊಳಗೆ ಚಿತ್ರ ತೆಗೆದು ಸಂಸ್ಕರಿಸಬೇಕಿತ್ತು. ಕತ್ತಲೆಯ ಡೇರೆಯೂ ರಾಸಾಯನಿಕಗಳೂ ಜೊತೆಗೇ ಬರಬೇಕಿತ್ತು. ಗ್ರೀನ್‌ಲಾ ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಅದನ್ನು ಮೊದಲೇ ಸಿದ್ಧಪಡಿಸಿಟ್ಟುಕೊಳ್ಳಬಹುದು, ಒಡೆಯುವ ಭಯವಿಲ್ಲ. ಬೆಳಕಿಗೆ ಬಹಳ ಹೊತ್ತು ಒಡ್ಡಬೇಕು, ನಿಜ. ಆದರೆ ಕಲ್ಲಿನ ಮಂಟಪ ಅಲುಗಾಡದಷ್ಟೆ! ಆ ನೆಗೆಟಿವ್‌ಗಳು ಉಳಿದವು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಸ್ಥಳಗಳ ಚಿತ್ರ ತೆಗೆದಾಗ, ಯಾವುದು ಬಿದ್ದಿದೆ, ಯಾವುದು ನಿಂತಿದೆ ಎಂದು ಹೋಲಿಸಲು ಸಾಧ್ಯವಾಯಿತು.

ನನ್ನ ಮೊದಲ ಕ್ಯಾಮೆರಾ ಆಗ್ಫಾ ಕ್ಲಿಕ್ 3. ಒಂದು ರೋಲಿಗೆ 12 ಚಿತ್ರ. ಬೀಳಗಿ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ ತಾಯಿಯ ತವರುಮನೆ ಇತ್ತು. ಆಲಮಟ್ಟಿಯ ಹಿನ್ನೀರಿಗೆ ಆ ಮನೆ ಹೋಯಿತು. ಅದರ ಮುಂಬಾಗಿಲಿನ ಚಿತ್ರ ನನ್ನಲ್ಲಿದೆ. ಅಜ್ಜಿ ಮಜ್ಜಿಗೆ ಕಡೆಯುತ್ತಿದ್ದ ಒಳಮನೆಯ ಚಿತ್ರವಿಲ್ಲ. ಆ ಕತ್ತಲಲ್ಲಿ ನನ್ನ ಕ್ಯಾಮೆರಾಕ್ಕೆ ಏನೂ ಕಾಣುತ್ತಿರಲಿಲ್ಲ. ಬೇರೊಂದನ್ನು ಎರವಲು ತರಬಹುದೆಂದು ನನಗೂ ಹೊಳೆಯಲಿಲ್ಲ.

ಆದ್ದರಿಂದ ಹೊಸ ಗುಣಗಳನ್ನು ನಾನು ತೂಗುವ ತಕ್ಕಡಿ ಇದೊಂದೇ: ಇಂದು ನನ್ನ ಕೈತಪ್ಪುತ್ತಿರುವ ಚಿತ್ರ ಯಾವುದು?

ಮೆಗಾಪಿಕ್ಸೆಲ್ ನನಗೆ ಸಾಕಷ್ಟಿವೆ. 8 ಇಂಚು ಅಗಲ, 12 ಇಂಚು ಉದ್ದದ ಒಳ್ಳೆಯ ಮುದ್ರಣಕ್ಕೂ 9 ಮೆಗಾಪಿಕ್ಸೆಲ್ ಸಾಲುತ್ತವೆ. ನನಗೆ ದಕ್ಕದಿರುವುದು ಬನಹಟ್ಟಿಯ ಮಬ್ಬುಗತ್ತಲ ಮನೆಗಳ ಕೈಮಗ್ಗ. ಚಿತ್ರ ಅಲುಗದಂತೆ ತಡೆಯುವ ಹೊಸ ಸೌಲಭ್ಯ ನನ್ನ ನಡುಗುವ ಕೈಯನ್ನು ಸರಿದೂಗಿಸೀತು. ಓಡುವ ಲಾಳಿಯನ್ನು ಅದು ಹಿಡಿದು ನಿಲ್ಲಿಸದು. ಅದಕ್ಕೆ ಹೆಚ್ಚು ಬೆಳಕು ಬೇಕು. ಎಫ್ 5.6ಕ್ಕಿಂತ ಎಫ್ 1.8ರ ಲೆನ್ಸು ಒಂಬತ್ತು ಪಟ್ಟಿಗೂ ಮಿಕ್ಕಿ ಬೆಳಕನ್ನು ಒಳಬಿಡುತ್ತದೆ. ಅಂದಮೇಲೆ ಹಳೆಯ ಕ್ಯಾಮೆರಾ ಇರಲಿ, ಅದಕ್ಕೊಂದು ಲೆನ್ಸು ಕೊಂಡರೆ ಸಾಕು.

ಇದನ್ನು ಹೇಳಿದಾಗ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಲಗೂನ ತರಿಸ್ರಿ ಸರ್. ದೀಪಾವಳಿ ಆದಮ್ಯಾಗ ಅಪ್ಪ ಮಗ್ಗ ಬಿಚ್ಚತಾರ” ಎಂದ.

ಲೆನ್ಸು ಬಂದಿದೆ. ಬರುವ ಭಾನುವಾರ ಬನಹಟ್ಟಿಗೆ ಹೊರಟಿದ್ದೇನೆ.