ಹೃದಯಗ್ರಂಥಿಯೂ ರಕ್ತದ ಸಾಕ್ಷ್ಯವೂ

ಚರಕಸಂಹಿತೆಯ ಸೂತ್ರಸ್ಥಾನದ ೧೭ನೆಯ ಅಧ್ಯಾಯದಲ್ಲಿ ಹೃದ್ರೋಗಗಳ ನಿರೂಪಣೆಯಿದೆ. ತ್ರಿದೋಷಜವಾದ ಹೃದ್ರೋಗವಿದ್ದೂ ತಿಲ, ಕ್ಷೀರ, ಗುಡ ಮೊದಲಾದುವನ್ನು ಸೇವಿಸುವವನಿಗೆ ಗ್ರಂಥಿಯುಂಟಾಗುವುದೆಂದೂ, ಮರ್ಮದ ಒಂದೆಡೆಯಲ್ಲಿ ರಸವು ಸಂಕ್ಲೇದವನ್ನು ಹೊಂದಿ ಅದರಿಂದ ಕ್ರಿಮಿಗಳು ಹುಟ್ಟುವುವೆಂದೂ ಅಲ್ಲಿ ಹೇಳಿದೆ. ಈ ಗ್ರಂಥಿಯೇ ಇಂದಿನ ವೈದ್ಯರು ಮಿಕ್ಸೋಮಾ ಎಂದು ಕರೆಯುವ ಸೌಮ್ಯವಾದ ಹೃದಯದ ಗಡ್ಡೆಯೆಂದು ಸಾಧಿಸಲು ಮನಸ್ಸು ಎಳಸುವುದು ಸಹಜವೇ ಆಗಿದೆ. ಆದರೆ ಪದಸಾಮ್ಯಮಾತ್ರದಿಂದ ವಸ್ತುಸಾಮ್ಯವು ಸಿದ್ಧಿಸುವುದೇ ಎಂಬುದು ವಿಚಾರಾರ್ಹವಾದುದು.

ಪಾಶ್ಚಾತ್ಯರಲ್ಲಿಯೂ ಈ ಗಡ್ಡೆಯ ಜ್ಞಾನವು ಬಹುಕಾಲ ಶವಚ್ಛೇದನಕ್ಕೇ ಸೀಮಿತವಾಗಿದ್ದಿತು. ಇಟಲಿಯ ಶಾರೀರಶಾಸ್ತ್ರಜ್ಞನಾದ ರಿಯಾಲ್ಡೊ ಕೊಲಂಬೊ ಬರೆದು ೧೫೫೯ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಹೃದಯದೊಳಗಿನ ಗಡ್ಡೆಯ ಉಲ್ಲೇಖವಿದೆ. ಬದುಕಿರುವವನಲ್ಲಿ ಇದನ್ನು ಗುರುತಿಸುವುದು ಕಷ್ಟವಾಗಿದ್ದುದಕ್ಕೆ ಕಾರಣವುಂಟು. ಹೆಚ್ಚಾಗಿ ಎಡ ಹೃತ್ಕರ್ಣದ ನಡುಗೋಡೆಗೆ ತೊಟ್ಟಿನಿಂದ ಅಂಟಿಕೊಂಡು ಜೋಲಾಡುವ ಈ ಗಡ್ಡೆಯು ಕವಾಟದ ದಾರಿಯನ್ನು ಅಡ್ಡಗಟ್ಟಿ, ಕವಾಟರೋಗದ ಲಕ್ಷಣಗಳನ್ನೇ ತೋರಿಸುವುದು. ಇದರ ಚೂರು ಕಳಚಿ ಮಿದುಳಿಗೆ ಹರಿದರೆ ಪಕ್ಷಾಘಾತವುಂಟಾಗುವುದು. ೧೯೫೪ರಲ್ಲಿ ಸ್ಟಾಕ್‌ಹೋಮಿನ ಶಸ್ತ್ರವೈದ್ಯ ಕ್ಲಾರೆನ್ಸ್ ಕ್ರಾಫೂರ್ಡನು ರಕ್ತಸಂಚಾರದ ಕಾರ್ಯವನ್ನು ಯಂತ್ರಕ್ಕೆ ವಹಿಸಿ, ಹೃದಯವನ್ನು ತೆರೆದು ಈ ಗಡ್ಡೆಯನ್ನು ತೆಗೆದನು, ರೋಗಿಯು ಬದುಕಿದಳು. ೧೯೫೯ರಲ್ಲಿ ಜರ್ಮನಿಯ ಎಫರ್ಟನೂ ಡೊಮಾನಿಗನೂ ಕಿವಿಗೆ ಕೇಳಿಸದ ಧ್ವನಿತರಂಗಗಳಿಂದ ಇದನ್ನು ಪತ್ತೆಮಾಡುವ ಮಾರ್ಗವನ್ನು ತೋರಿಸಿದರು.

ಇನ್ನು ರಕ್ತದ ವಿಚಾರ. ಈ ರೋಗಿಗಳಲ್ಲಿ ಹಲವರಿಗೆ ಜ್ವರವೂ ಕೃಶತೆಯೂ ಇರುವುವು. ಕೆಂಪುಕಣಗಳು ಕುಗ್ಗಿ ಪಾಂಡುತೆಯುಂಟಾಗುವುದು, ಬಿಳಿಕಣಗಳು ಹೆಚ್ಚಬಹುದು, ಪ್ಲೇಟ್‌ಲೆಟ್ ಕಣಗಳು ಕೆಲವರಲ್ಲಿ ಏರುವುವು, ಕೆಲವರಲ್ಲಿ ಇಳಿಯುವುವು, ನಳಿಕೆಯಲ್ಲಿ ಕೆಂಪುಕಣಗಳು ತಳಕ್ಕಿಳಿಯುವ ವೇಗವೂ ಹೆಚ್ಚುವುದು. ಹೃದಯದಲ್ಲಿರುವ ಗಡ್ಡೆಗೂ ರಕ್ತಕಣಗಳ ವಿಕಾರಕ್ಕೂ ಏನು ಸಂಬಂಧ? ೧೯೮೬ರಲ್ಲಿ ಜಪಾನಿನ ಒಸಾಕಾದಲ್ಲಿ ಕಿಶಿಮೊಟೊ ಮತ್ತು ಅವರ ಸಹಕಾರಿಗಳು, ಮುಂದೆ ಇಂಟರ್‌ಲ್ಯೂಕಿನ್-೬ ಎಂದು ಹೆಸರಾದ ದ್ರವ್ಯದ ಜೀನನ್ನು ಕಂಡುಹಿಡಿದರು. ಮಿಕ್ಸೋಮಾದ ಜೀವಕೋಶಗಳೇ ಈ ದ್ರವ್ಯವನ್ನು ಸ್ರವಿಸುವುವೆಂಬುದು ಮರುವರ್ಷವೇ ತಿಳಿದುಬಂದಿತು. ಇದು ರಕ್ತದಲ್ಲಿ ಸೇರಿ ದೇಹವೆಲ್ಲವನ್ನೂ ಉರಿಯೂತದ ಸ್ಥಿತಿಗೆ ತರುವುದು; ಅದರಿಂದಲೇ ಈ ವಿಕಾರಗಳು ಬಹುಮಟ್ಟಿಗೆ ಉಂಟಾಗುವುವು. ಗಡ್ಡೆಯನ್ನು ತೆಗೆದ ಬಳಿಕ ಅವು ಸಾಮಾನ್ಯವಾಗಿ ಅಡಗುವುವು. ನಮ್ಮ ತಾರ್ಕಿಕರು ಕಾರ್ಯಕಾರಣಭಾವದ ನಿರ್ಣಯಕ್ಕೆ ಬೇಡುವ ಅನ್ವಯವ್ಯತಿರೇಕಗಳು ಇವೇ.

ಚರಕೋಕ್ತವಾದ ಗ್ರಂಥಿಗೆ ಅಪಥ್ಯಸೇವನೆ ನಿಮಿತ್ತ, ಕ್ರಿಮಿಗಳು ಫಲ. ಮಿಕ್ಸೋಮಾಕ್ಕೆ ಈ ಎರಡೂ ಇಲ್ಲ. ಮಿಕ್ಸೋಮಾದಲ್ಲಿ ಕಾಣುವ ರಕ್ತವಿಕಾರಗಳ ಪ್ರಸ್ತಾಪವು ಅಲ್ಲಿ ಗ್ರಂಥಿಯ ಪ್ರಸಂಗದಲ್ಲಿ ಬಂದಿಲ್ಲ. ಹೀಗಿರಲು ಇವೆರಡನ್ನು ಒಂದೆನ್ನುವುದು ಆಚಾರ್ಯರಿಗೆ ತೋರುವ ಗೌರವವಾಗದು. ಅವರು ಹೇಳದುದನ್ನು ಅವರ ಬಾಯಲ್ಲಿ ನುಡಿಸಿದಂತಾಗುವುದು. ಹೃದಯದಲ್ಲಿ ಗ್ರಂಥಿಯು ಸಂಭವಿಸಬಹುದೆಂದು ಅವರು ಭಾವಿಸಿದ್ದರೆಂಬಷ್ಟೇ ಪ್ರಮಾಣಸಿದ್ಧವಾದುದು; ಅವರ ಕೀರ್ತಿಗೆ ಅಷ್ಟೇ ಸಾಕು.