ಹಳೆಯ ವಿಂಡೋಸ್‌ಗೆ ಬೆಂಬಲ: ಕೈಬಿಡುವುದು ಯಾವಾಗ?

ಗಣಕಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಅದರ ಹಳೆಯ ಆವೃತ್ತಿಯ ಲೋಪಗಳನ್ನು ಸರಿಪಡಿಸಿ ಕೊಡುವುದನ್ನು ತಯಾರಕರು ನಿಲ್ಲಿಸಿದಾಗ ಬೆಂಬಲ ಮುಗಿಯಿತು ಎನ್ನಲಾಗುತ್ತದೆ. ಯಂತ್ರವೇನೂ ಅಂದೇ ನಿಂತುಹೋಗುವುದಿಲ್ಲ. ಆದರೆ ಅನಂತರ ಪತ್ತೆಯಾಗುವ ಭದ್ರತಾ ಲೋಪಗಳಿಗೆ ತೇಪೆ ದೊರೆಯದು. ಬ್ರೌಸರ್ ಮುಂತಾದ ತಂತ್ರಾಂಶಗಳನ್ನು ರೂಪಿಸುವವರೂ ಒಬ್ಬೊಬ್ಬರಾಗಿ ಅದನ್ನು ಕೈಬಿಡುತ್ತಾರೆ.

ಗಡುವು ಕಂಪನಿಯದೇ ಆದರೂ ಅದು ಕಲ್ಲಿನ ಬರಹವಲ್ಲ. 2004ರ ಜನವರಿಯಲ್ಲಿ ಮುಗಿಯಬೇಕಿದ್ದ ವಿಂಡೋಸ್ 98ರ ಬೆಂಬಲವನ್ನು ಮೈಕ್ರೋಸಾಫ್ಟ್ 2006ರ ಜುಲೈ 11ರವರೆಗೆ ವಿಸ್ತರಿಸಿತು. ಎಕ್ಸ್‌ಪಿ 2014ರ ಏಪ್ರಿಲ್ 8ರಂದು, ವಿಂಡೋಸ್ 7 2020ರ ಜನವರಿ 14ರಂದು, ವಿಂಡೋಸ್ 10 2025ರ ಅಕ್ಟೋಬರ್ 14ರಂದು ಸರದಿ ಮುಗಿಸಿದವು.

ಕನ್ನಡಿಗರಿಗೆ ಈ ಪ್ರಶ್ನೆ ಎದುರಾದದ್ದು ಲಿಪಿಯ ರೂಪದಲ್ಲಿ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದ್ದರೂ, ವಿಂಡೋಸ್‌ನಲ್ಲಿ ಅದು ಸರಿಯಾಗಿ ಮೂಡಿದ್ದು 2001ರ ಎಕ್ಸ್‌ಪಿಯಿಂದ, 'ತುಂಗಾ' ಫಾಂಟ್‌ನ ಜತೆಗೆ. ಅದಕ್ಕೂ ಸಂಕೀರ್ಣ ಲಿಪಿಗಳ ಸೌಲಭ್ಯವನ್ನು ಪ್ರತ್ಯೇಕವಾಗಿ ಅಳವಡಿಸಿಕೊಳ್ಳಬೇಕಿತ್ತು. ವಿಂಡೋಸ್ 98 ಬಳಸುತ್ತಿದ್ದ ಓದುಗನಿಗೆ ಯುನಿಕೋಡ್ ಪುಟ ಬರೀ ಚೌಕಗಳ ಸಾಲು. ಆದ್ದರಿಂದ ಕನ್ನಡ ಜಾಲತಾಣಗಳ ಮುಂದಿದ್ದವು ಎರಡೇ ದಾರಿ: ಆ ಓದುಗನನ್ನು ಬಿಡುವುದು, ಇಲ್ಲವೇ ಶೋಧಕ್ಕೆ ಸಿಗದ ಹಳೆಯ ಫಾಂಟ್‌ಗೆ ಅಂಟಿಕೊಳ್ಳುವುದು. ಹಲವರು ಎರಡನೆಯದನ್ನೇ ಆರಿಸಿಕೊಂಡು ಬಹಳ ಕಾಲ ಮುಂದೂಡಿದರು. ಅದರ ಬೆಲೆಯಾಗಿ ಆ ವರ್ಷಗಳ ಎಷ್ಟೋ ಕನ್ನಡ ಬರಹ ಇಂದು ಹುಡುಕಿದರೂ ಸಿಗುವುದಿಲ್ಲ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಂಥ ಊರುಗಳ ಮುದ್ರಣಾಲಯಗಳಿಗೆ ತೊಡಕು ಇನ್ನೂ ಗಟ್ಟಿ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರಗಳು ರೂಪುಗೊಳ್ಳುತ್ತಿದ್ದುದು ಪೇಜ್‌ಮೇಕರ್‌ನಲ್ಲಿ, ನುಡಿ ಅಥವಾ ಬರಹದ ಫಾಂಟ್‌ಗಳಲ್ಲಿ. ಪೇಜ್‌ಮೇಕರ್‌ನ ಕೊನೆಯ ಪ್ರಮುಖ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಯುನಿಕೋಡ್ ತಿಳಿಯದು. ಕಡತಗಳಿಗಾಗಿ ಹಳೆಯ ಯಂತ್ರವನ್ನು ಉಳಿಸಿಕೊಳ್ಳುವುದು ಹಟವಲ್ಲ, ಲೆಕ್ಕಾಚಾರ.

ತಂತ್ರಾಂಶ ರೂಪಿಸುವವರು ನೋಡುವುದು ಬೇರೊಂದು ಲೆಕ್ಕ: ಹಳೆಯ ಆವೃತ್ತಿಯಲ್ಲಿ ಎಷ್ಟು ಜನ ಉಳಿದಿದ್ದಾರೆ, ಪ್ರತಿ ಬಿಡುಗಡೆಯನ್ನೂ ಅದರಲ್ಲಿ ಪರೀಕ್ಷಿಸುವ ಶ್ರಮವೆಷ್ಟು, ಮೂಲ ತಯಾರಕರೇ ಕೈಬಿಟ್ಟ ಮೇಲೆ ಭದ್ರತೆಯ ಹೊಣೆ ಹೊರುವುದು ಸಾಧ್ಯವೇ ಎಂಬುದು. ಕ್ರೋಮ್ ಎಕ್ಸ್‌ಪಿಯನ್ನು ಬಿಟ್ಟದ್ದು ಮೈಕ್ರೋಸಾಫ್ಟ್‌ಗಿಂತ 2 ವರ್ಷ ತಡವಾಗಿ, 2016ರ ಏಪ್ರಿಲ್‌ನಲ್ಲಿ, ಫೈರ್‌ಫಾಕ್ಸ್ 2018ರಲ್ಲಿ. ಒಟ್ಟು ಸರಾಸರಿಯನ್ನಷ್ಟೇ ನೋಡಿದರೆ ಸಣ್ಣ ಊರುಗಳು ಕಾಣುವುದೇ ಇಲ್ಲ ಎಂಬುದು ಇಲ್ಲಿನ ನಿಜವಾದ ಕೊರತೆ. ಅಂತರಜಾಲಕ್ಕೆ ಸೇರದ ಯಂತ್ರವಂತೂ ಯಾವ ಗಣತಿಗೂ ಸಿಗದು. (ಹೊಸ ಬ್ರೌಸರ್ ಅದಕ್ಕೆ ಬೇಕಾಗಿಯೂ ಇಲ್ಲವೆನ್ನಿ.)

ವಿಂಡೋಸ್ 10ರ ವಿಷಯದಲ್ಲಿ ಅಡ್ಡಿಯಾದದ್ದು ಯಂತ್ರವೇ. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಘಟಕವನ್ನು ಕೇಳುತ್ತದೆ. ಅನೇಕ ಹಳೆಯ ಗಣಕಗಳಲ್ಲಿ ಅದಿಲ್ಲ. ನೋಂದಾಯಿಸಿಕೊಂಡವರಿಗೆ ಭದ್ರತಾ ತೇಪೆಗಳನ್ನು ಇನ್ನೂ ಒಂದು ವರ್ಷ ಒದಗಿಸುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿತು. ಲಿನಕ್ಸ್ ಮತ್ತೊಂದು ದಾರಿ. ಹಳೆಯದನ್ನೇ ಇಟ್ಟುಕೊಳ್ಳುವವರು ಅದನ್ನು ಅಂತರಜಾಲದಿಂದ ದೂರವಿಟ್ಟು, ಮುಖ್ಯ ಕಡತಗಳನ್ನು ಪಿಡಿಎಫ್‌ಗೂ ಪಠ್ಯವನ್ನು ಯುನಿಕೋಡ್‌ಗೂ ಪರಿವರ್ತಿಸಿ ಬೇರೆಡೆ ಇರಿಸಿಕೊಳ್ಳಬಹುದು. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ತಪ್ಪುವುದುಂಟಾದ್ದರಿಂದ ಕರಡು ತಿದ್ದುವ ಕೆಲಸ ತಪ್ಪದು.